ಆರ್‌ಸಿ ಕಾರಿನ ಮಣ್ಣಿನ ಟ್ರ್ಯಾಕ್: ಜಂಪ್ ಆಮೇಲೆ, ಮೊದಲು ನೀವು ಎಲ್ಲಿ ನಿಲ್ಲುತ್ತೀರಿ ಹೇಳಿ

ಲೇಔಟ್ ಅಂದ ಕೂಡಲೇ ನಮಗೆ ನೆನಪಾಗುವುದು ಮೂವತ್ತು-ನಲವತ್ತರ ಸೈಟು, ಮೂಲೆ ಸೈಟಿಗೆ ಜಾಸ್ತಿ ರೇಟು. ನಾನು ಹೇಳಹೊರಟಿರುವ ಲೇಔಟಿನಲ್ಲೂ ಮೂಲೆಗೇ ಬೆಲೆ ಜಾಸ್ತಿ. ಆದರೆ ಇದು ಆರ್‌ಸಿ ಕಾರು, ಅಂದರೆ ರಿಮೋಟ್ ಹಿಡಿದು ದೂರದಿಂದ ಓಡಿಸುವ ಪುಟ್ಟ ಕಾರಿನ ಮಣ್ಣಿನ ಟ್ರ್ಯಾಕಿನದ್ದು.

ಜಾತ್ರೆಯಲ್ಲಿ ಸಿಗುವ ಆಟಿಕೆ ಕಾರಲ್ಲ ಇದು. ರೇಸಿಗೆ ಬಳಸುವ 1:10 ಅಳತೆಯ (ನಿಜವಾದ ಕಾರಿನ ಹತ್ತನೇ ಒಂದು ಪಾಲಿನ) ಬಗ್ಗಿ, ಅಂದರೆ ಮಣ್ಣಿನಲ್ಲಿ ಓಡುವ ಕಾರು, ಸುಮಾರು 40 ಸೆಂಟಿಮೀಟರ್ ಉದ್ದ, 25 ಸೆಂಟಿಮೀಟರ್ ಅಗಲ, ಒಂದೂವರೆ ಕಿಲೋ ತೂಕ ಇರುತ್ತದೆ. 1:8 ಅಳತೆಯದ್ದು ಅದರ ಅಣ್ಣ. ಅರ್ಧ ಮೀಟರ್ ಉದ್ದ, ಮೂರು ಕಿಲೋಗಿಂತ ಜಾಸ್ತಿ ತೂಕ, ಬ್ಯಾಟರಿಯಲ್ಲೂ ಓಡುತ್ತದೆ, ನೈಟ್ರೋ ಇಂಧನದಲ್ಲೂ ಓಡುತ್ತದೆ. ನೇರ ದಾರಿ ಸಿಕ್ಕರೆ ಗಂಟೆಗೆ 40-50 ಕಿ.ಮೀ. ವೇಗ ಇವಕ್ಕೆ ದೊಡ್ಡ ಮಾತಲ್ಲ. ನಾನಿಲ್ಲಿ ಹೆಚ್ಚಾಗಿ 1:10 ಲೆಕ್ಕದಲ್ಲೇ ಮಾತಾಡುತ್ತೇನೆ, ಯಾಕಂದರೆ ನಮ್ಮಂಥವರ ಕೈಗೆಟುಕುವ ಜಾಗದಲ್ಲಿ ಹಿಡಿಸುವುದು ಅದೇ.

ಟ್ರ್ಯಾಕ್ ಮಾಡಬೇಕು ಅಂತ ಪೇಪರ್, ಪೆನ್ಸಿಲ್ ಹಿಡಿದವರೆಲ್ಲ ಮೊದಲು ಬರೆಯುವುದು ಜಂಪ್, ಅಂದರೆ ಕಾರು ಹಾರಲು ಕಟ್ಟುವ ಮಣ್ಣಿನ ದಿಬ್ಬ. ಇಲ್ಲೊಂದು ದೊಡ್ಡದು, ಅಲ್ಲೊಂದು ಡಬಲ್ (ನಡುವೆ ಹಳ್ಳ ಬಿಟ್ಟ ಜೋಡಿ ದಿಬ್ಬ), ಮಧ್ಯೆ ಮೂರು ಸಾಲಾಗಿ. ನಾನೂ ಹಾಗೇ ಮಾಡಿದ್ದೆ. ನಮ್ಮ ಮೊದಲ ಟ್ರ್ಯಾಕಿನಲ್ಲಿ ದೊಡ್ಡ ಜಂಪನ್ನು ಜಾಗದ ನಡುವೆ, ನಿಲ್ಲುವ ಕಡೆಯಿಂದ ಸಾಕಷ್ಟು ದೂರದಲ್ಲಿ, ಎಲ್ಲರಿಗೂ ಕಾಣಲಿ ಅಂತ ಎತ್ತರವಾಗಿ ಕಟ್ಟಿದೆವು. ಜಂಪ್ ಎಲ್ಲರಿಗೂ ಕಂಡಿತು. ಅದರ ಹಿಂದಿನ ದಾರಿಗೆ ಹೋದ ಕಾರು ಯಾರಿಗೂ ಕಾಣಲಿಲ್ಲ!

ಆ ಮಣ್ಣು ಕಿತ್ತು ಹಾಕುವಾಗ ಗೊತ್ತಾಗಿದ್ದು ಇಷ್ಟೇ. ಈ ಕಾರಿನ ಡ್ರೈವರ್ ಕಾರಿನೊಳಗೆ ಇಲ್ಲ. ಅವನು ಅಟ್ಟಣಿಗೆ ಮೇಲೆ, ಹತ್ತಿಪ್ಪತ್ತು ಮೀಟರ್ ದೂರದಲ್ಲಿ ನಿಂತಿದ್ದಾನೆ. ಅವನ ಕಣ್ಣಿಗೆ ಏನು ಕಾಣುತ್ತದೆ, ಕಂಡ ಮೇಲೆ ಬೆರಳು ಆಡಿಸಲು ಎಷ್ಟು ಹೊತ್ತು ಸಿಗುತ್ತದೆ, ಇಡೀ ಲೇಔಟ್ ಈ ಎರಡರ ಮೇಲೆ ನಿಂತಿದೆ. ಹಾಗಾಗಿ ಪೇಪರಿನ ಮೇಲೆ ಮೊದಲು ಬರೆಯಬೇಕಾದದ್ದು ಆ ಅಟ್ಟಣಿಗೆ, ಅಂದರೆ ಡ್ರೈವರ್ ಸ್ಟ್ಯಾಂಡ್.

ಟ್ರ್ಯಾಕಿನ ಅಗಲವನ್ನೇ ತೆಗೆದುಕೊಳ್ಳಿ. 1:10 ಕಾರಿಗೆ ದಾರಿ ಸುಮಾರು 3 ಮೀಟರ್ ಅಗಲ ಇರಬೇಕು ಅಂದರೆ ಹೊಸಬರು ನಗುತ್ತಾರೆ. ಕಾರಿನ ಅಗಲ 25 ಸೆಂಟಿಮೀಟರ್, ಅಂದರೆ ದಾರಿಯಲ್ಲಿ 12 ಕಾರು ಪಕ್ಕಪಕ್ಕ ನಿಲ್ಲಬಹುದು! ಆದರೆ ಲೆಕ್ಕ ಹಾಕಿ. ಗಂಟೆಗೆ 36 ಕಿ.ಮೀ. ಅಂದರೆ ಸೆಕೆಂಡಿಗೆ 10 ಮೀಟರ್. ಕಣ್ಣು ನೋಡಿ, ತಲೆ ತೀರ್ಮಾನಿಸಿ, ಬೆರಳು ಅಲ್ಲಾಡುವಷ್ಟರಲ್ಲಿ ಕಾಲು ಸೆಕೆಂಡ್ ಕಳೆಯುತ್ತದೆ. ಅಷ್ಟರಲ್ಲಿ ಕಾರು ಎರಡೂವರೆ ಮೀಟರ್ ಮುಂದೆ ಹೋಗಿರುತ್ತದೆ. ಅಗಲ ಬೇಕಾಗಿರುವುದು ಕಾರಿಗಲ್ಲ, ಈ ಕಾಲು ಸೆಕೆಂಡಿಗೆ. 1:8 ಕಾರಿಗಾದರೆ 4 ಮೀಟರ್ ಅಥವಾ ಅದಕ್ಕೂ ಜಾಸ್ತಿ ಬಿಡುತ್ತಾರೆ.

ಈಗ ಒಂದು ಜಾಗ ಇಟ್ಟುಕೊಂಡೇ ಮಾತಾಡೋಣ. ನೂರು ಅಡಿ ಉದ್ದ, ಅರವತ್ತು ಅಡಿ ಅಗಲ, ಅಂದರೆ ಐದೂವರೆ ಗುಂಟೆ. ಮೀಟರಿನಲ್ಲಿ ಸುಮಾರು 30 ಉದ್ದ, 18 ಅಗಲ. ಉದ್ದದ ಬದಿಯ ನಟ್ಟನಡುವೆ ಸ್ಟ್ಯಾಂಡ್ ಇಡಿ. ಹತ್ತು ಜನ ಸಾಲಾಗಿ ನಿಲ್ಲಲು ಆರೇಳು ಮೀಟರ್ ಉದ್ದ, ನೆಲದಿಂದ ಸುಮಾರು 2 ಮೀಟರ್ ಎತ್ತರ. ಕಟಾಂಜನ ಗಟ್ಟಿಯಾಗಿರಲಿ, ಯಾಕಂದರೆ ಕಾರಿನ ಜೊತೆ ಮೈಯನ್ನೂ ವಾಲಿಸುವವರು ನಮ್ಮಲ್ಲಿ ಬಹಳ. ನಾವು ಓಡಿಸುವುದು ಬಿಸಿಲು ತಗ್ಗಿದ ಮೇಲೆ, ಸಂಜೆ ಹೊತ್ತಿಗೆ. ಹಾಗಾಗಿ ಸ್ಟ್ಯಾಂಡ್ ಪಶ್ಚಿಮಕ್ಕಿದ್ದು ಮುಖ ಪೂರ್ವಕ್ಕಿದ್ದರೆ ಮುಳುಗುವ ಸೂರ್ಯ ಬೆನ್ನ ಹಿಂದೆ ಬರುತ್ತಾನೆ. ದಕ್ಷಿಣಕ್ಕಿದ್ದರೂ ನಡೆಯುತ್ತದೆ. ಪಶ್ಚಿಮಕ್ಕೆ ಮುಖ ಮಾಡಿ ಕಟ್ಟಿದಿರೋ, ಐದು ಗಂಟೆ ಮೇಲೆ ಎಲ್ಲರೂ ಹಣೆಗೆ ಕೈ ಅಡ್ಡ ಹಿಡಿಯಬೇಕು. ಆಗ ರಿಮೋಟ್ ಹಿಡಿಯುವವರು ಯಾರು?

ಇನ್ನು ದಾರಿಗಳ ದಿಕ್ಕು. ಹೆಚ್ಚಿನ ಭಾಗ ಸ್ಟ್ಯಾಂಡಿಗೆ ಸಮಾನಾಂತರವಾಗಿ, ಎಡದಿಂದ ಬಲಕ್ಕೆ, ಬಲದಿಂದ ಎಡಕ್ಕೆ ಓಡಲಿ. ಹಾಗೆ ಓಡುವ ಕಾರಿನ ವೇಗ, ಜಂಪಿನ ದೂರ ಎಲ್ಲ ಕಣ್ಣಿಗೆ ಸರಿಯಾಗಿ ಅಂದಾಜಾಗುತ್ತದೆ. ನಮ್ಮ ಕಡೆಗೇ ಬರುವ ಕಾರು ಎಷ್ಟು ದೂರದಲ್ಲಿದೆ ಅಂತ ತಿಳಿಯುವುದು ಕಷ್ಟ. ಅದರ ಜೊತೆಗೆ ಎಡ-ಬಲ ಬೇರೆ ಅದಲುಬದಲಾಗುತ್ತದೆ. ಹೊಸಬರ ಕಾರು ದಾರಿಯ ಅಂಚಿಗೆ ಹಾಕಿದ ಪೈಪಿಗೆ ಹೊಡೆಯುವುದು ಬಹುತೇಕ ಇಲ್ಲೇ. ಅಂಥ ತುಂಡುಗಳು ಬೇಡವೇ ಬೇಡ ಅಂತಲ್ಲ, ಚಿಕ್ಕದಾಗಿರಲಿ, ಅದರಲ್ಲಿ ಜಂಪ್ ಇಡಬೇಡಿ.

ಎತ್ತರದ ವಿಷಯದಲ್ಲಿ ಒಂದು ತಮಾಷೆ ಇದೆ. ದೊಡ್ಡ ಜಂಪ್ ದೂರ ಇದ್ದಷ್ಟೂ ಒಳ್ಳೆಯದು, ಹತ್ತಿರ ಇದ್ದರೆ ಕಣ್ಣಿಗೆ ಅಡ್ಡ ಬರುತ್ತದೆ ಅಂತ ಅನ್ನಿಸುತ್ತದೆ ಅಲ್ವಾ? ಉಲ್ಟಾ. ಸ್ಟ್ಯಾಂಡ್ 2 ಮೀಟರ್, ಅದರ ಮೇಲೆ ನಿಂತವನ ಕಣ್ಣು ಇನ್ನೊಂದೂವರೆ ಮೀಟರ್, ಒಟ್ಟು ಮೂರೂವರೆ. ಅರ್ಧ ಮೀಟರ್ ಎತ್ತರದ ಜಂಪ್ ನಿಮ್ಮಿಂದ 5 ಮೀಟರ್ ದೂರದಲ್ಲಿದ್ದರೆ ಅದರ ಹಿಂದೆ ಮರೆಯಾಗುವ ನೆಲ 80 ಸೆಂಟಿಮೀಟರ್ ಚಿಲ್ಲರೆ. ಅದೇ ಜಂಪ್ 15 ಮೀಟರ್ ದೂರದಲ್ಲಿದ್ದರೆ ಎರಡೂವರೆ ಮೀಟರ್ ಮರೆ. ಸಂಜೆ ನೆರಳು ಉದ್ದ ಆಗುತ್ತದಲ್ಲ, ಹಾಗೇ ಇದು. ನೋಟ ಓರೆಯಾದಷ್ಟೂ ಮರೆ ಉದ್ದ. ಎರಡೂವರೆ ಮೀಟರ್ ಅಂದರೆ ಹಿಂದಿನ ದಾರಿ ಹೆಚ್ಚೂಕಮ್ಮಿ ಪೂರ್ತಿ ಹೋಯಿತು. ನಮ್ಮ ಮೊದಲ ಟ್ರ್ಯಾಕಿನಲ್ಲಿ ಆಗಿದ್ದು ಇದೇ. ಹಾಗಾಗಿ ಎತ್ತರದ್ದೇನಿದ್ದರೂ ಒಂದೋ ಸ್ಟ್ಯಾಂಡಿನ ಮುಂದಿನ ದಾರಿಯಲ್ಲಿರಲಿ, ಇಲ್ಲವೇ ಕಟ್ಟಕಡೆಯ ದಾರಿಯಲ್ಲಿರಲಿ, ಅದರ ಹಿಂದೆ ಮರೆಯಾಗಲು ಏನೂ ಇರುವುದಿಲ್ಲ. ನಡುವಿನ ದಾರಿಗಳಲ್ಲಿ ಗಿಡ್ಡ ಉಬ್ಬುಗಳು ಸಾಕು.

18 ಮೀಟರ್ ಅಗಲದಲ್ಲಿ 3 ಮೀಟರಿನ ಐದು ದಾರಿ ಕೂರುತ್ತವೆ, ಉಳಿದ ಜಾಗ ಅಂಚಿಗೂ ನಡುವಿನ ಅಂತರಕ್ಕೂ. ಒಂದು ಸುತ್ತು ಸುಮಾರು 120 ಮೀಟರ್ ಆಗುತ್ತದೆ. ಸರಾಸರಿ ಸೆಕೆಂಡಿಗೆ 6 ಮೀಟರ್ ಹಿಡಿದರೆ 20 ಸೆಕೆಂಡಿನ ಲ್ಯಾಪ್, 5 ನಿಮಿಷದ ರೇಸಿಗೆ 15 ಲ್ಯಾಪ್. ಸಾಕು. ಆರನೇ ದಾರಿ ತುರುಕಲು ಹೋಗಬೇಡಿ, ಆಗ ಒಂದು ದಾರಿಯಲ್ಲಿ ಹಾರಿದ ಕಾರು ಪಕ್ಕದ ದಾರಿಯವನ ಮೇಲೆ ಇಳಿಯುತ್ತದೆ.

ತಿರುವುಗಳಿಗೆ ಬರೋಣ. ಚಕ್ಕುಲಿ ಒತ್ತಿದ ಹಾಗೆ ಒಂದೇ ಕಡೆ ಸುತ್ತಬಾರದು, ಎಡಕ್ಕೂ ಬಲಕ್ಕೂ ಹೆಚ್ಚೂಕಮ್ಮಿ ಸಮ ಇರಲಿ. ಅದಕ್ಕಿಂತ ಮುಖ್ಯ, ಕಾರು ಕಾರನ್ನು ಹಿಂದೆ ಹಾಕುವುದು ತಿರುವಿನಲ್ಲಿ. ತಿರುವಿನ ಒಳಗಿನ ದಾರಿ ಚಿಕ್ಕದು, ಆದರೆ ನಿಧಾನವಾಗಿ ಹೋಗಬೇಕು. ಹೊರಗಿನದು ಉದ್ದ, ಆದರೆ ವೇಗ ಉಳಿಯುತ್ತದೆ. ಎರಡಕ್ಕೂ ಹಿಡಿಯುವ ಸಮಯ ಹತ್ತಿರ ಹತ್ತಿರ ಇದ್ದರೆ ಮಾತ್ರ ಪೈಪೋಟಿ. ಒಳಗಿನದೇ ಯಾವಾಗಲೂ ಲಾಭ ಅಂದರೆ ಹತ್ತು ಕಾರೂ ಗೂಡ್ಸ್ ಗಾಡಿಯ ಬೋಗಿಗಳ ಹಾಗೆ ಒಂದರ ಹಿಂದೊಂದು ಹೋಗುತ್ತವೆ, ನೋಡುವವರು ಟೀ ಕುಡಿಯಲು ಹೋಗುತ್ತಾರೆ. ಹೊರ ಅಂಚಿಗೆ ಮಣ್ಣು ಏರಿಸಿ ಬರ್ಮ್ ಮಾಡಿದರೆ ಹೊರಗಿನ ದಾರಿಗೆ ಬಲ ಬರುತ್ತದೆ. ಅತಿ ಉದ್ದದ ನೇರ ದಾರಿ ಮುಗಿದ ಕಡೆ ಯು-ತಿರುವು ಇಟ್ಟು, ಅದರ ಬಾಯಿಯನ್ನು ನಾಲ್ಕೈದು ಮೀಟರಿಗೆ ಅಗಲ ಮಾಡಿ. ಬ್ರೇಕ್ ಯಾರು ತಡವಾಗಿ ಹಿಡಿಯುತ್ತಾರೆ ಅನ್ನುವ ಆಟ ಅಲ್ಲಿ ಶುರುವಾಗುತ್ತದೆ. ಹೊರಕ್ಕೆ ಇಳಿಜಾರಾಗಿರುವ ತಿರುವೂ ಒಂದಿರಲಿ, ಕಾರು ಜಾರುತ್ತಲೇ ಹೋಗುತ್ತದೆ, ಎಕ್ಸಲರೇಟರ್ ಮೇಲೆ ಹಿಡಿತ ಇರುವವನು ಯಾರು ಅಂತ ಗೊತ್ತಾಗುತ್ತದೆ. ಆದರೆ ಒಂದೇ ಒಂದು.

ಸರಿ, ಈಗ ಜಂಪ್. ಇಷ್ಟು ಹೊತ್ತು ಕಾದಿದ್ದೀರಿ.

ಕಾರನ್ನು ಹತ್ತು ಪಾಲು ಚಿಕ್ಕದು ಮಾಡಬಹುದು, ಭೂಮಿ ಎಳೆಯುವ ಬಲವನ್ನು ಮಾಡಲಾಗದು. ನಿಜವಾದ ಕಾರಿನ ಪಕ್ಕ ಇಟ್ಟು ನೋಡಿದರೆ ಈ ಪುಟ್ಟ ಕಾರು 6 ಮೀಟರ್ ಹಾರುವುದು ಅಂದರೆ ದೊಡ್ಡ ಕಾರು 60 ಮೀಟರ್ ಹಾರಿದ ಹಾಗೆ. ಹಾರಾಟದ ಲೆಕ್ಕಕ್ಕೆ ಕಾರಿನ ಗಾತ್ರ ಬೇಕಿಲ್ಲ, ಎರಡೇ ಸಾಕು: ವೇಗ ಮತ್ತು ಏರಿನ ಕೋನ. ಗಾಳಿಯ ತಡೆ ಬಿಟ್ಟು ಹೇಳುವುದಾದರೆ, 36 ಕಿ.ಮೀ. ವೇಗದಲ್ಲಿ 20 ಡಿಗ್ರಿ ಏರಿನಿಂದ ಹಾರಿದ ಕಾರು ಆರೂವರೆ ಮೀಟರ್ ದೂರ ಹೋಗುತ್ತದೆ, 60 ಸೆಂಟಿಮೀಟರ್ ಮೇಲೇರುತ್ತದೆ. ಏರನ್ನು 30 ಡಿಗ್ರಿ ಮಾಡಿ. ದೂರ 8.8 ಮೀಟರ್ ಆಗುತ್ತದೆ, ಎತ್ತರ ಮಾತ್ರ ಒಂದೂಕಾಲು ಮೀಟರ್ ದಾಟುತ್ತದೆ. ದೂರ ಮೂರನೇ ಒಂದು ಪಾಲು ಜಾಸ್ತಿಯಾಯಿತು, ಎತ್ತರ ಎರಡು ಪಟ್ಟಾಯಿತು. ಎತ್ತರದಿಂದ ಬಿದ್ದಷ್ಟೂ ಸಸ್ಪೆನ್ಷನ್ನಿನ ತೋಳು ಮುರಿಯುತ್ತದೆ. ಕಡಿದಾದ ಜಂಪ್ ನೋಡಲು ಚಂದ, ಬಿಡಿಭಾಗ ಮಾರುವವರಿಗೆ ಇನ್ನೂ ಚಂದ.

ಕೋನ ಅಳೆಯಲು ಯಂತ್ರ ಬೇಡ, ಟೇಪು ಸಾಕು. ಮೂರಕ್ಕೆ ಒಂದು ಏರಿಸಿದರೆ, ಅಂದರೆ 1.2 ಮೀಟರ್ ನಡೆದಾಗ 40 ಸೆಂಟಿಮೀಟರ್ ಏರಿದರೆ, 18 ಡಿಗ್ರಿ. ಹೊಸ ಟ್ರ್ಯಾಕಿಗೆ ಇದು ಒಳ್ಳೆಯ ಶುರು. ಎರಡಕ್ಕೆ ಒಂದು ಏರಿಸಿದರೆ 26 ಡಿಗ್ರಿ ದಾಟುತ್ತದೆ, ಅದನ್ನು ಒಂದು ವರ್ಷ ಓಡಿಸಿದ ಮೇಲೆ ನೋಡಿಕೊಳ್ಳಿ.

ಈ 40 ಸೆಂಟಿಮೀಟರ್ ಎತ್ತರದ್ದನ್ನೇ ಟೇಬಲ್‌ಟಾಪ್ ಮಾಡೋಣ. ಏರು 1.2 ಮೀಟರ್, ಮೇಲೆ ಚಪ್ಪಟೆ 2 ಮೀಟರ್, ಇಳಿಜಾರು 1.8 ಮೀಟರ್. ಗಂಟೆಗೆ 20 ಕಿ.ಮೀ. ವೇಗದಲ್ಲಿ ಬಂದ ಕಾರು ಚಪ್ಪಟೆಯ ತುದಿಯಲ್ಲೇ ಧೊಪ್ಪೆಂದು ಬೀಳುತ್ತದೆ. ಸುಮಾರು 22ರಲ್ಲಿ ಬಂದದ್ದು ಇಳಿಜಾರಿನ ಮೇಲೆ ಬೆಣ್ಣೆಯ ಹಾಗೆ ಇಳಿಯುತ್ತದೆ. 25ರಲ್ಲಿ ಬಂದದ್ದು ಇಳಿಜಾರು ದಾಟಿ ಸಪಾಟು ನೆಲಕ್ಕೆ ಹೊಡೆದುಕೊಳ್ಳುತ್ತದೆ. ನೋಡಿ, ಒಳ್ಳೆಯ ಇಳಿತಕ್ಕೆ ಸಿಗುವ ವೇಗದ ಅಂತರ ಬರೀ ನಾಲ್ಕೈದು ಕಿ.ಮೀ. ಹಾಗಾಗಿಯೇ ಇಳಿಜಾರನ್ನು ಏರಿಗಿಂತ ಉದ್ದ ಮಾಡಬೇಕು. ಎಲ್ಲರೂ ಏರಿಗೆ ಮಣ್ಣು ಸುರಿಯುತ್ತಾರೆ, ಇಳಿಜಾರಿಗೆ ಉಳಿದದ್ದು. ಅದು ತಲೆಕೆಳಗಾದ ಲೆಕ್ಕ. ಕಾರು ಮೇಲೇಳುವುದು ಸುಲಭ, ಬದುಕಿ ಇಳಿಯುವುದು ಮುಖ್ಯ.

ಟೇಬಲ್‌ಟಾಪಿನ ಮಧ್ಯದ ಚಪ್ಪಟೆ ತೆಗೆದು ಹಳ್ಳ ಬಿಟ್ಟರೆ ಅದೇ ಡಬಲ್. ವೇಗ ಕಮ್ಮಿಯಾದವನು ಟೇಬಲ್‌ಟಾಪಿನಲ್ಲಿ ಒಂದು ಸೆಕೆಂಡ್ ಕಳೆದುಕೊಳ್ಳುತ್ತಾನೆ, ಡಬಲ್‌ನಲ್ಲಿ ಹಳ್ಳಕ್ಕೆ ಬಿದ್ದು, ಕಾರು ಎತ್ತಿ ಇಡುವ ಮಾರ್ಷಲ್ ಬರುವವರೆಗೆ ಮಲಗುತ್ತಾನೆ. ಹೊಸಬರೂ ಬರುವ ಟ್ರ್ಯಾಕಾದರೆ ದೊಡ್ಡ ಜಂಪುಗಳೆಲ್ಲ ಟೇಬಲ್‌ಟಾಪ್ ಇರಲಿ, ಡಬಲ್ ಇಡಲೇಬೇಕು ಅನ್ನಿಸಿದರೆ ಚಿಕ್ಕದೊಂದು ಇಡಿ.

ಏರಿನ ತುದಿಯ ಬಗ್ಗೆ ಒಂದು ಮಾತು. ಕೊನೆಯ 30-40 ಸೆಂಟಿಮೀಟರ್, ಅಂದರೆ ಕಾರಿನ ಮುಂದಿನ ಚಕ್ರದಿಂದ ಹಿಂದಿನ ಚಕ್ರಕ್ಕಿರುವ ದೂರಕ್ಕಿಂತ ತುಸು ಜಾಸ್ತಿ, ನೇರವಾಗಿರಬೇಕು. ತುದಿಯಲ್ಲೇ ಮೇಲಕ್ಕೆ ಬಾಗಿದ್ದರೆ ಸ್ಪ್ರಿಂಗುಗಳು ಅಲ್ಲಿ ಒತ್ತಿಕೊಂಡು, ಬಿಡುವಾಗ ಹಿಂಭಾಗವನ್ನು ಎತ್ತಿ ಎಸೆಯುತ್ತವೆ, ಕಾರು ಮೂಗು ಕೆಳಗೆ ಮಾಡಿ ಬೀಳುತ್ತದೆ. ಅಡ್ಡಕ್ಕೂ ಮಟ್ಟ ಇರಬೇಕು. ಗಾರೆ ಕೆಲಸದವರ ರಸಮಟ್ಟ ಇಟ್ಟು ನೋಡಿ. ಒಂದು ಬದಿ ಎರಡು ಬೆರಳು ಎತ್ತರ ಇದ್ದರೂ ಕಾರು ಗಾಳಿಯಲ್ಲಿ ಪಕ್ಕಕ್ಕೆ ಮಗುಚುತ್ತದೆ, ಓಡಿಸುವವನು ತನ್ನ ಕಾರಿನ ಸೆಟಪ್ ಸರಿಯಿಲ್ಲ ಅಂತ ಸುಮ್ನೆ ತಲೆ ಕೆಡಿಸಿಕೊಳ್ಳುತ್ತಾನೆ.

ಗಾಳಿಯಲ್ಲಿದ್ದಾಗ ಕಾರನ್ನು ಸರಿಪಡಿಸಬಹುದು ಅನ್ನುವುದು ನಿಜ. ಎಕ್ಸಲರೇಟರ್ ಒತ್ತಿದರೆ ಚಕ್ರಗಳು ಮುಂದಕ್ಕೆ ಜೋರಾಗಿ ತಿರುಗುತ್ತವೆ, ಅದಕ್ಕೆ ಎದುರಾಗಿ ಕಾರಿನ ಮೈ ಹಿಂದಕ್ಕೆ ತಿರುಗಿ ಮೂಗು ಮೇಲೇಳುತ್ತದೆ. ಬ್ರೇಕ್ ಹಿಡಿದರೆ ಮೂಗು ಕೆಳಗೆ. ಆದರೆ ಮೇಲಿನ ಟೇಬಲ್‌ಟಾಪಿನಲ್ಲಿ ಕಾರು ಗಾಳಿಯಲ್ಲಿರುವುದು ಅರ್ಧ ಸೆಕೆಂಡಿಗೂ ಕಮ್ಮಿ. ಕಾಲು ಸೆಕೆಂಡ್ ನೋಡುವುದರಲ್ಲೇ ಹೋಯಿತು. ಹಾಗಾಗಿ ಏರೇ ಸರಿ ಇರಬೇಕು. ಇಳಿದ ಮೇಲೆ ತಿರುವಿಗೆ ಮೊದಲು ನಾಲ್ಕೈದು ಮೀಟರ್ ನೇರ ದಾರಿ ಬಿಡಿ. ಕಾರು ಎರಡು ಸಲ ಪುಟಿದು ನೆಲ ಹಿಡಿಯಬೇಕು, ಆಮೇಲಷ್ಟೇ ಸ್ಟೀರಿಂಗ್ ಕೆಲಸ ಮಾಡುವುದು.

ಮಣ್ಣಿನ ಲೆಕ್ಕ ಕೇಳಿದರೆ ಕೆಲವರ ಉತ್ಸಾಹ ಇಳಿಯುತ್ತದೆ. ಆ ಒಂದು ಟೇಬಲ್‌ಟಾಪ್, 3 ಮೀಟರ್ ಅಗಲಕ್ಕೆ, 4.2 ಘನ ಮೀಟರ್ ಮಣ್ಣು. ದಮ್ಮಸು ಹೊಡೆದಾಗ ಕುಗ್ಗುವುದು ಸೇರಿಸಿದರೆ ಸಡಿಲ ಮಣ್ಣು ಐದು ಘನ ಮೀಟರಿಗಿಂತ ಜಾಸ್ತಿ ಬೇಕು. ಟ್ರ್ಯಾಕ್ಟರ್ ಲೋಡಿಗೆ ನೂರು ಘನ ಅಡಿ ಹಿಡಿದರೆ ಹತ್ತಿರ ಹತ್ತಿರ ಎರಡು ಲೋಡು, ಒಂದು ಜಂಪಿಗೆ! ಪೇಪರಿನಲ್ಲಿ ಹನ್ನೆರಡು ಜಂಪ್ ಬರೆದವರು ಇಲ್ಲಿ ರಬ್ಬರ್ ಹುಡುಕುತ್ತಾರೆ.

ಯಾವ ಮಣ್ಣು? ಬೆಂಗಳೂರು, ಕೋಲಾರದ ಕಡೆಯ ಕೆಂಪು ಮಣ್ಣು ಒಪ್ಪುತ್ತದೆ, ಕಲ್ಲು ಜರಡಿ ಹಿಡಿದು ತೆಗೆಯಬೇಕು, ಒಣಗಿದರೆ ಧೂಳು ಏಳುತ್ತದೆ. ಅದಕ್ಕೆ ಸ್ವಲ್ಪ ಜೇಡಿ ಮಣ್ಣು ಬೆರೆಸಿದರೆ ಕಚ್ಚಿಕೊಳ್ಳುತ್ತದೆ. ಉತ್ತರ ಕರ್ನಾಟಕದ ಎರೆ ಮಣ್ಣು ಬೆಳೆಗೆ ಬಂಗಾರ, ಟ್ರ್ಯಾಕಿನ ಮೇಲ್ಪದರಕ್ಕೆ ಬೇಡ. ನೀರು ಕುಡಿದರೆ ಉಬ್ಬುತ್ತದೆ, ಒಣಗಿದರೆ ಕೈ ತೂರುವಷ್ಟು ಬಿರುಕು ಬಿಡುತ್ತದೆ, ನಿಮ್ಮ ಜಂಪ್ ಬೇಸಿಗೆಯಲ್ಲಿ ಒಡೆದ ಕೆರೆಯಂಗಳದ ಹಾಗಾಗುತ್ತದೆ. ತೇವ ಸರಿ ಇದೆಯಾ ಅಂತ ನೋಡಲು ಮುಷ್ಟಿಯಲ್ಲಿ ಉಂಡೆ ಕಟ್ಟಿ ಎದೆ ಎತ್ತರದಿಂದ ಬೀಳಿಸಿ. ಪುಡಿಪುಡಿಯಾದರೆ ನೀರು ಸಾಲದು, ಮುದ್ದೆಯಾಗಿ ಅಂಟಿಕೊಂಡರೆ ನೀರು ಜಾಸ್ತಿ, ನಾಲ್ಕೈದು ತುಂಡಾದರೆ ಸರಿ. ಒಂದೇ ಸಲ ಗುಡ್ಡೆ ಹಾಕದೆ ನಾಲ್ಕರಿಂದ ಆರು ಇಂಚಿನ ಪದರ ಹಾಕಿ, ದಮ್ಮಸು ಹೊಡೆದು, ನೀರು ಚಿಮುಕಿಸಿ, ಮತ್ತೆ ಪದರ ಹಾಕಬೇಕು. ಬೇಜಾರಿನ ಕೆಲಸ, ಆದರೆ ಒಂದೇ ದಿನದಲ್ಲಿ ಗುಡ್ಡೆ ಹಾಕಿದ ಜಂಪ್ ಒಂದೇ ವಾರದಲ್ಲಿ ಎಮ್ಮೆ ಬೆನ್ನಾಗುತ್ತದೆ.

1:10 ಆಫ್-ರೋಡ್ ಕಾರುಗಳ ಮೊದಲ ವಿಶ್ವ ಚಾಂಪಿಯನ್‌ಶಿಪ್ ನಡೆದದ್ದು 1985ರಲ್ಲಿ, ಅಮೆರಿಕದ ಕ್ಯಾಲಿಫೋರ್ನಿಯಾದ ಡೆಲ್ ಮಾರ್ ಊರಿನಲ್ಲಿ. ಅಲ್ಲಿಂದೀಚೆಗೆ ನೆಲವೇ ಬದಲಾಗಿದೆ. ಅಮೆರಿಕದಲ್ಲಿ ಜೇಡಿ ಮಣ್ಣಿನ ಟ್ರ್ಯಾಕಿಗೆ ಸಕ್ಕರೆ ನೀರು ಸಿಂಪಡಿಸಿ ಅಂಟು ಬರಿಸುವವರಿದ್ದಾರೆ, ತೇವ ಹಿಡಿದಿಡುವ ಉಪ್ಪು ಹಾಕುವವರಿದ್ದಾರೆ, ಆ ಉಪ್ಪು ಕಾರಿನ ಬೇರಿಂಗ್ ತಿನ್ನುತ್ತದೆ ಅನ್ನುವುದು ಬೇರೆ ಮಾತು. ಯುರೋಪಿನಲ್ಲಿ ಬಹಳ ಕಡೆ ಕೃತಕ ಹುಲ್ಲು, ಕಾರ್ಪೆಟ್. ನೆಲ ಬದಲಾದರೆ ಲೇಔಟೂ ಬದಲಾಗಬೇಕು. ಕಾರ್ಪೆಟ್ ಮೇಲೆ ಟೈರು ಎಷ್ಟು ಕಚ್ಚುತ್ತದೆ ಅಂದರೆ ಚೂಪು ತಿರುವಿನಲ್ಲಿ ಕಾರು ಜಾರುವ ಬದಲು ಮಗುಚುತ್ತದೆ. ನಮ್ಮ ಧೂಳು ಮಣ್ಣಿನಲ್ಲಿ ಚಕ್ರ ಸುಮ್ಮನೆ ಸುತ್ತುತ್ತದೆ, ಜಂಪಿಗೆ ಬೇಕಾದ ವೇಗ ಬರಲು ಉದ್ದ ದಾರಿ ಬೇಕು. ಹೊರದೇಶದ ಒಳಾಂಗಣ ಟ್ರ್ಯಾಕಿನ ವಿಡಿಯೋ ನೋಡಿ ಅದೇ ಅಳತೆಯನ್ನು ಇಲ್ಲಿ ಇಳಿಸಿದರೆ ಯಾರ ಕಾರೂ ಜಂಪ್ ದಾಟುವುದಿಲ್ಲ.

ಮಳೆ ನೀರು ಹರಿಯಲು ಇಡೀ ಜಾಗಕ್ಕೆ ನೂರಕ್ಕೆ ಒಂದೆರಡು ಪಾಲು ಇಳಿಜಾರು ಕೊಡಿ. ಬರ್ಮ್ ಇರುವ ತಿರುವು ಬಟ್ಟಲಿನ ಹಾಗೆ ನೀರು ಹಿಡಿಯುತ್ತದೆ, ಅಲ್ಲಿ ಬರ್ಮಿನ ಕೆಳಗೆ ಒಂದು ಪೈಪ್ ಹೂತಿಡಿ. ಜಂಪುಗಳಿಗೆ ಟಾರ್ಪಾಲು.

ದಾರಿಯ ಅಂಚಿಗೆ ಕಲ್ಲು, ಇಟ್ಟಿಗೆ, ಹಳೆ ಟೈರು ಬೇಡ. ರೈತರ ಹತ್ತಿರ ಸಿಗುವ ಹಳೆ ಸ್ಪ್ರಿಂಕ್ಲರ್ ಪೈಪ್ ಚೆನ್ನಾಗಿ ಬರುತ್ತದೆ, ಬಿಸಿಲಲ್ಲಿ ಬಿಟ್ಟರೆ ಬಾಗುತ್ತದೆ. ಬಹಳ ಸಣ್ಣ ಪೈಪ್ ಆದರೆ ಕಾರು ಹತ್ತಿ ದಾಟಿ ಅಡ್ಡದಾರಿ ಹಿಡಿಯುತ್ತದೆ. ಹಿಡಿದಿಡುವ ಕಬ್ಬಿಣದ ಗೂಟದ ತಲೆ ಮಾತ್ರ ಪೈಪಿಗಿಂತ ಮೇಲೆ ಕಾಣಬಾರದು, ಕಾರಿಗೂ ಅಪಾಯ, ಓಡಿ ಬರುವ ಮಾರ್ಷಲ್ ಕಾಲಿಗೂ ಅಪಾಯ.

ಮಾರ್ಷಲ್ ಅಂದರೆ ಮಗುಚಿದ ಕಾರು ಎತ್ತಿ ಇಡುವವರು, ಸಾಮಾನ್ಯವಾಗಿ ಹಿಂದಿನ ರೇಸ್ ಓಡಿಸಿದವರೇ. ಅವರು ನಿಲ್ಲುವ ಜಾಗವನ್ನೂ ಪೇಪರಿನಲ್ಲೇ ಗುರುತಿಸಿ. ದಾರಿ ದಾಟದೆ ತಮ್ಮ ಪಾಲಿನ ತಿರುವು ತಲುಪಬೇಕು, ಜಂಪ್ ಇಳಿಯುವ ಕಡೆಗೆ ಬೆನ್ನು ಮಾಡಿ ನಿಲ್ಲುವ ಹಾಗಿರಬಾರದು. ಮೂರು ಕಿಲೋ ಕಾರು ಕಣಕಾಲಿಗೆ ಬಡಿದರೆ ಆಟ ಅಲ್ಲ. ನೇರ ದಾರಿಯ ಕೊನೆ ಜನ ನಿಲ್ಲುವ ಕಡೆಗಾಗಲಿ, ಸ್ಟ್ಯಾಂಡಿನ ಕಡೆಗಾಗಲಿ ಗುರಿ ಮಾಡದಿರಲಿ. ಲ್ಯಾಪ್ ಎಣಿಸುವ ವೈರನ್ನು ಸಪಾಟು ದಾರಿಯಲ್ಲಿ ಹೂಳಿ, ಜಂಪಿನ ಹತ್ತಿರ ಬೇಡ. ಕಾರು ಮೇಲೆ ಹಾರಿ ಹೋದರೆ ಎಣಿಕೆ ತಪ್ಪಿ ಜಗಳ ಶುರು. ಶುರುವಿನ ಗೆರೆ ದಾಟಿದ ಮೇಲೆ ಬರುವ ಮೊದಲ ತಿರುವು ಅಗಲವಾದ, ಬೀಸಾದ ತಿರುವಾಗಿರಲಿ. ಹತ್ತು ಕಾರು ಒಟ್ಟಿಗೆ ಯು-ತಿರುವಿಗೆ ನುಗ್ಗಿದರೆ ಏನಾಗುತ್ತದೆ ಅಂತ ನಮ್ಮ ಸಿಲ್ಕ್ ಬೋರ್ಡ್ ನೋಡಿದವರಿಗೆ ಹೇಳಬೇಕಿಲ್ಲ.

ಇಷ್ಟೆಲ್ಲ ಪೇಪರಿನಲ್ಲಿ ಕೂತ ಮೇಲೂ ಜೆಸಿಬಿಗೆ ಫೋನ್ ಮಾಡಬೇಡಿ. ಕಬಡ್ಡಿ ಅಂಕಣಕ್ಕೆ ಹಾಕುವ ಹಾಗೆ ಸುಣ್ಣದ ಪುಡಿಯಲ್ಲಿ ಇಡೀ ಲೇಔಟ್ ನೆಲದ ಮೇಲೆ ಬರೆಯಿರಿ. ಜಂಪ್ ಬರುವ ಕಡೆ ಖಾಲಿ ಸಿಮೆಂಟ್ ಚೀಲಕ್ಕೆ ಮಣ್ಣು ತುಂಬಿ ನಿಜವಾದ ಎತ್ತರಕ್ಕೆ ಪೇರಿಸಿ. ಸ್ಟ್ಯಾಂಡ್ ಇನ್ನೂ ಇಲ್ಲ ಅಲ್ವಾ, ಒಂದು ಟ್ರ್ಯಾಕ್ಟರ್ ಟ್ರೇಲರ್ ತಂದು ನಿಲ್ಲಿಸಿ, ಅದರ ಮೇಲೊಂದು ಗಟ್ಟಿ ಮೇಜು ಇಟ್ಟು ಹತ್ತಿ. ಆಮೇಲೆ ರಿಮೋಟನ್ನು ನಿಮ್ಮ ಕೈಗೆ ತೆಗೆದುಕೊಳ್ಳಬೇಡಿ, ಗುಂಪಿನಲ್ಲಿ ಎಲ್ಲರಿಗಿಂತ ಹೊಸಬ ಯಾರೋ ಅವನಿಗೆ ಕೊಡಿ. ಸುಣ್ಣದ ಗೆರೆಯ ನಡುವೆ ಹತ್ತು ಸುತ್ತು ಹಾಕಲಿ. ಅವನು ಎಲ್ಲಿ ಗೆರೆ ಅಳಿಸುತ್ತಾನೆ ಅಂತ ನೋಡಿ. ಒಂದೇ ಕಡೆ ಮೂರು ಸಲ ಅಳಿಸಿದರೆ ಅವನನ್ನು ಬೈಯಬೇಡಿ, ಅಲ್ಲಿ ಗೆರೆಯನ್ನು ಅರ್ಧ ಮೀಟರ್ ಹಿಂದಕ್ಕೆ ಸರಿಸಿ.